ಅಮ್ಮ ಕೇಳಿದ ಪ್ರಶ್ನೆ

ವಿದೇಶದ ವಿಶ್ವವಿದ್ಯಾಲಯದವರು ಮರುದಿನ ವೀಡಿಯೊ ಕರೆಯಲ್ಲಿ, ಹಕ್ಕಿಗಳ ಬಗ್ಗೆ ಓದಲು ಅರ್ಜಿ ಹಾಕಿದ್ದ ಶ್ರೀಯಾಳ ಸಂದರ್ಶನ ಮಾಡುವವರಿದ್ದರು. ಶಾಲೆಯಲ್ಲಿ ಅಭ್ಯಾಸಕ್ಕೆ ಕೂತಾಗಲೆಲ್ಲ ಅವಳು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಉತ್ತರ ನಡುವೆಯೇ ನಿಂತುಹೋಗುತ್ತಿತ್ತು. ಅವಳನ್ನು ತಯಾರು ಮಾಡುತ್ತಿದ್ದ ಮಲರ್ ಮಿಸ್, ಮಗಳನ್ನು ಕರೆದೊಯ್ಯಲು ಗಿಂಡಿಯ ಬ್ಯಾಂಕಿನಲ್ಲಿ ಕೆಲಸ ಮುಗಿಸಿ ಬಂದಿದ್ದ ಸುಮತಿಯನ್ನೇ ಎದುರಿಗೆ ಕೂರಿಸಿ, "ನೀವೇ ಕೇಳಿ ಅಮ್ಮಾ, ನಿಮ್ಮ ಕನ್ನಡದಲ್ಲೇ," ಎಂದು ತಮಿಳಿನಲ್ಲಿ ಹೇಳಿದರು.

ಸುಮತಿಗೆ ಸಂಕೋಚವಾಯಿತು. "ಅಲ್ವೇ, ಇಲ್ಲಿಲ್ಲದ ಯಾವ ಹಕ್ಕಿ ಅಲ್ಲಿದೆ ಅಂತ ಓದೋಕೆ ಹೊರಟಿದ್ದೀಯ?"

ಶ್ರೀಯಾ ನಕ್ಕುಬಿಟ್ಟಳು. "ಅಯ್ಯೋ ಅಮ್ಮಾ, ಇಲ್ಲಿನ ಹಕ್ಕಿಗೋಸ್ಕರಾನೇ ಹೋಗ್ತಿರೋದು! ಪೆರುಂಗುಡಿ ಜೌಗಲ್ಲಿ ಅಷ್ಟು ದೊಡ್ಡ ಕಸದ ರಾಶಿ ಪಕ್ಕದಲ್ಲೂ ಕೊಕ್ಕರೆ ಯಾಕೆ ಬರ್ತಾವೆ ಅಂತ ಚಿಕ್ಕೋಳಿದ್ದಾಗ ಕೇಳಿದ್ನಲ್ಲ? ಅದಕ್ಕೆ ನೀನು, 'ನಂಗೊತ್ತಿಲ್ಲ, ನೀನೇ ಓದಿ ಹೇಳು' ಅಂದೆ. ಬೇರೆ ಅಮ್ಮಂದಿರಾಗಿದ್ರೆ 'ಸುಮ್ನಿರೇ' ಅಂತಿದ್ರು."

"ಇದನ್ನೇ ಈಗ ಇಂಗ್ಲಿಷಲ್ಲಿ ಹೇಳು," ಎಂದರು ಮಿಸ್.

ಶ್ರೀಯಾ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ.

ಮಗಳ ಈ ದೊಡ್ಡ ಓದಿನಲ್ಲಿ ತನ್ನ ಪಾಲೇನೂ ಇಲ್ಲವೆಂದುಕೊಂಡಿದ್ದ ಸುಮತಿ ಮಗಳ ಕೈ ಹಿಡಿದುಕೊಂಡಳು. ತನಗೆ ಗೊತ್ತಿಲ್ಲವೆಂದ ಮಾತನ್ನೂ ಮಗು ಇಷ್ಟು ಜೋಪಾನವಾಗಿ ಇಟ್ಟುಕೊಂಡಿತ್ತಲ್ಲ!

"ರೊಂಬ ಥ್ಯಾಂಕ್ಸ್ ಮಿಸ್, ತುಂಬಾ ಥ್ಯಾಂಕ್ಸ್," ಎಂದಳು ಸುಮತಿ.

"ಅದೆಲ್ಲ ಆಮೇಲೆ. ಇನ್ನೊಂದು ಪ್ರಶ್ನೆ ಕೇಳಿ."

ಸುಮತಿ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮುಂದೆಳೆದುಕೊಂಡಳು.