ಬೆಳ್ಳಿಯ ನಾಲಗೆ

ನನ್ನ ತಮ್ಮ ವೆಂಕಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನಿಗೆ ಬೈಯದೆ ಈ ಕತೆ ನನ್ನಿಂದ ಮುಗಿಯುವುದಿಲ್ಲ.

ಅವನ ಮಗಳು ಅಮ್ಮಣಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ತಾಯಿ ಬಾಣಂತನದಲ್ಲೇ ಹೋದಳು, ಸಾಕಿದವಳು ನಾನು. ಮಗು ಮಾತಾಡಿದರೆ ಬೆಳ್ಳಿಯ ನಾಲಗೆ ಒಪ್ಪಿಸುತ್ತೇನೆಂದು ವೆಂಕಪ್ಪ ಊರಿನ ದೈವಕ್ಕೆ ಹರಕೆ ಹೇಳಿಕೊಂಡಿದ್ದ. ದೈವ ಸುಮ್ಮನಿತ್ತು. ಆಮೇಲೆ ನಮ್ಮೂರು ನಾರಾವಿಯ ಶಾಲೆಗೆ ಮೂಡಬಿದ್ರೆಯಿಂದ ಪದ್ಮಾಕ್ಷಿ ಟೀಚರ್ ಬಂದರು.

ಟೀಚರರ ಸ್ವಂತ ತಮ್ಮ ಕಿವುಡನಂತೆ. ಅವನಿಗೆ ಕಲಿಸಿದ ಹಾಗೆಯೇ ಇವಳಿಗೂ ಕಲಿಸಿದರು. ಮಗುವಿನ ಕೈಯನ್ನು ತಮ್ಮ ಗಂಟಲ ಮೇಲೆ ಇಡಿಸಿ, ತುಟಿ ನೋಡಿಸಿ, ಒಂದೊಂದೇ ಅಕ್ಷರ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳ ಜೊತೆ ನಮ್ಮ ಮನೆಗೇ ಬಂದು, ವಾರದಲ್ಲಿ ಏನು ಬಂತು, ಏನು ಬರಲಿಲ್ಲ ಎಂದು ಹೇಳಿ ಹೋಗುವುದು ಅವರ ಪದ್ಧತಿ. 'ಪ' ಬಂದಿದೆ, 'ಕ' ಇನ್ನೂ ಇಲ್ಲ. ಎದುರು ನಿಂತೇ ಮಾತಾಡಿ, ಹಿಂದಿನಿಂದ ಕರೆಯಬೇಡಿ. ವೆಂಕಪ್ಪ ಎಲೆಯಡಿಕೆ ಜಗಿಯುತ್ತಾ ತಲೆಯಾಡಿಸುತ್ತಿದ್ದ. ಬಂದದ್ದು ಅವನ ಕಿವಿಗೆ ಹೋಗುತ್ತಿತ್ತು, ಬಾರದ್ದು ಅಂಗಳದಲ್ಲೇ ಉಳಿಯುತ್ತಿತ್ತು.

ಒಂದು ಶನಿವಾರ ಅಮ್ಮಣಿ ಅವನ ಮುಖ ನೋಡಿ "ಅಪ್ಪ" ಎಂದಳು. ಒರಟು ಸ್ವರ, ಹಳೆಯ ಬಾಗಿಲು ಎಳೆದ ಹಾಗೆ. ನಾವು ಮೂವರೂ ಅತ್ತುಬಿಟ್ಟೆವು. ಟೀಚರ್ ಕಣ್ಣೊರೆಸಿಕೊಂಡು ಮತ್ತೆ ಮತ್ತೆ ಹೇಳಿದರು: ಕಿವಿ ಬಂದಿಲ್ಲ, ಇದು ತುಟಿ ನೋಡಿ ಕಲಿತದ್ದು, ಆರಂಭ ಮಾತ್ರ; ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆ ಉಂಟು, ಅಲ್ಲಿಗೆ ಕಳಿಸಿದರೆ ಓದಿ ಬರೆದು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಅರ್ಜಿ ತಾನೇ ತರಿಸುತ್ತೇನೆ ಅಂದರು. ವೆಂಕಪ್ಪ ಆಗಲೇ ಅಂಗಿ ಹಾಕಿಕೊಂಡು ಅಕ್ಕಸಾಲಿಗನಲ್ಲಿಗೆ ಹೊರಟಿದ್ದ.

ಆ ವರ್ಷದ ನೇಮದಲ್ಲಿ, ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುವ ರಾತ್ರಿ, ಬೆಳ್ಳಿಯ ನಾಲಗೆ ದೈವಕ್ಕೆ ಸಂದಿತು. ಮಗುವಿನ ತಲೆಯ ಮೇಲೆ ಕೈಯಿಟ್ಟು ದೈವ ಅಭಯ ಕೊಟ್ಟಿತು: ಕಿವಿ, ಮಾತು ಎರಡೂ ಕೊಟ್ಟಿದ್ದೇನೆ, ಸಂಶಯ ಬೇಡ. ಊರಿಗೆ ಊರೇ ಕೇಳಿತು. ಕೇಳದೆ ಇದ್ದವಳು ಅವಳೊಬ್ಬಳೇ.

ಅರ್ಜಿ ಬಂತು. ಮಗು ಹುಟ್ಟುಕಿವುಡಿ ಎಂದು ತಂದೆ ಅದರಲ್ಲಿ ರುಜು ಹಾಕಬೇಕಿತ್ತು. ವೆಂಕಪ್ಪ ಕಾಗದ ಮುಟ್ಟಲಿಲ್ಲ.

"ಹರಕೆ ಸಂದಾಯ ಮಾಡಿದ್ದೇನೆ ಟೀಚರೇ. ಈಗ ಕಿವುಡಿ ಅಂತ ರುಜು ಹಾಕಿದ್ರೆ ದೈವವನ್ನು ಸುಳ್ಳು ಮಾಡಿದ ಹಾಗೆ ಆಗ್ತದೆ. ನನ್ನಿಂದ ಆಗುದಿಲ್ಲ."

"ಹಾಗಾದ್ರೆ ನಾನು ಪ್ರತಿ ವಾರ ಬಂದು ಹೇಳಿದ್ದೇ ತಪ್ಪಾಯ್ತಾ?" ಎಂದರು ಟೀಚರ್.

ನನಗೆ ತಡೆಯಲಿಲ್ಲ. ದೈವಕ್ಕೆ ನಿನ್ನ ರುಜು ಓದುವ ಪುರುಸೊತ್ತು ಉಂಟಾ, ನಿನ್ನ ಹೆದರಿಕೆ ದೈವದ್ದಲ್ಲ, ಊರಿನವರದ್ದು ಎಂದು ಬೈದೆ. ಬೇಕಾದರೆ ನಾನು ಹೆಬ್ಬೆಟ್ಟು ಒತ್ತುತ್ತೇನೆ ಅಂದೆ. ಅತ್ತೆಯ ಹೆಬ್ಬೆಟ್ಟು ನಡೆಯುವುದಿಲ್ಲವಂತೆ, ತಂದೆಯೇ ಬೇಕಂತೆ. ಸಾಕಿದ್ದಕ್ಕೆ ಬೆಲೆ ಎಲ್ಲಿ ಉಂಟು? ಕೇಳುವ ಮಗುವಿಗೆ ಬೇರೆ ಪಾಠ ಯಾಕೆಂದು ಅವನು ಟೀಚರರ ಪಾಠವನ್ನೂ ನಿಲ್ಲಿಸಿದ.

ಜೂನಿನಲ್ಲಿ ಅವರಿಗೆ ಬಂಟ್ವಾಳದ ಕಡೆಗೆ ವರ್ಗವಾಯಿತು. ಹೋಗುವ ದಿನ ಬಸ್ಸಿನ ಕಿಟಕಿಯಿಂದ ಏನೋ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಅಮ್ಮಣಿಗೆ ತಿಳಿಯಿತು, ತಲೆಯಾಡಿಸಿದಳು. ಅದೇನೆಂದು ನನಗೆ ಹೇಳಲು ಅವಳಲ್ಲಿ ಅಷ್ಟು ಮಾತಿರಲಿಲ್ಲ.

ಕಲಿತ ನಾಲ್ಕು ಮಾತೂ ಒಂದೊಂದಾಗಿ ಸವೆದವು. ಮೊದಲು ಅವಳು ಕಿವುಡಿ, ಪಾಪ ಎಂದು ಯಾರೂ ಗದರುತ್ತಿರಲಿಲ್ಲ. ಈಗ ದೈವ ಕಿವಿ ಕೊಟ್ಟ ಹುಡುಗಿ. ಕರೆದಾಗ ಬಾರದಿದ್ದರೆ ಅದು ಅಹಂಕಾರ.

ಕೊಯ್ಲು ಮುಗಿದ ಮೇಲೆ ಒಂದು ದಿನ ಜಗಲಿಯಲ್ಲಿ ನೆಂಟರು ಕೂತಿದ್ದರು. ನೀರು ತಾ ಎಂದು ವೆಂಕಪ್ಪ ಕರೆದ. ಅವಳು ಆಚೆ ತಿರುಗಿ ಅಂಗಳದಲ್ಲಿ ಹುರುಳಿ ಹರಡುತ್ತಿದ್ದಳು. ಮತ್ತೆ ಕರೆದ. ನೆಂಟರು ಮುಖ ಮುಖ ನೋಡಿಕೊಂಡರು. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವನು ಇಳಿದು ಹೋಗಿ ಬೆನ್ನಿಗೆ ಬಾರಿಸಿಯಾಗಿತ್ತು. ಅದುವರೆಗೆ ಅವಳ ಮೇಲೆ ಕೈ ಎತ್ತಿದವನಲ್ಲ.

ಅಮ್ಮಣಿ ಅಳಲಿಲ್ಲ. ತಿರುಗಿ ಅವನ ತುಟಿಯನ್ನೇ ನೋಡಿದಳು, ತನ್ನ ತಪ್ಪೇನೆಂದು ಅಲ್ಲಿ ತಿಳಿಯಲು. ಅವನು ಬಾಯಿ ತೆರೆಯಲಿಲ್ಲ. ಅವಳು ನೋಡುತ್ತಲೇ ನಿಂತಳು.