ಹರಿಯುವ ಗ್ಲೌಸಿಗೆ ಪೂರ್ತಿ ಅಂಕ

ಸರ್ಕಾರಿ ಆಸ್ಪತ್ರೆಯ ಖರೀದಿ ವಿಭಾಗದ ಮೇಡಂಗೆ ಬೇಕಾಗಿದ್ದದ್ದು ಪ್ರಶಸ್ತಿಯಲ್ಲ, ಅದರ ಬಾಲ. ಆಸ್ಪತ್ರೆಗಳ ಖರೀದಿಯ ಉತ್ಕೃಷ್ಟತೆ ಅಳೆದು ಅಂಕ ಕೊಟ್ಟಾಗ ಮೊದಲು ಬಂದವರಿಗೆ ಪ್ರಶಸ್ತಿ, ಜೊತೆಗೆ ಕೇಳಿದ ಊರಿಗೆ ವರ್ಗ. ಗಂಡ, ಮಗಳು ಇರುವ ಊರು ಒಂದು ರಾತ್ರಿಯ ಬಸ್ಸಿನಷ್ಟು ದೂರ.

ಅಳೆಯಲು ಬಂದ ಸಾಹೇಬರು ಒಳ್ಳೆಯ ಮನುಷ್ಯ. "ಕಡಿಮೆ ದರ, ಬೇಗ ಖರೀದಿ, ಒಂದೂ ತಕರಾರಿಲ್ಲ. ನಿಮ್ಮ ಗ್ಲೌಸ್ ಅಂತೂ ಧೂಳು ಹಿಡಿಯೋದೇ ಇಲ್ಲ ಮೇಡಂ, ಬಂದ ಹಾಗೇ ಖಾಲಿ. ಅದಕ್ಕೂ ಪೂರ್ತಿ ಅಂಕ," ಎಂದರು.

ಮೇಡಂ ಹಿಗ್ಗಿದರು. ಆದರೆ ರೋಗಿಗಳು ಅಷ್ಟೇ ಇದ್ದಾರೆ, ಗ್ಲೌಸ್ ಮಾತ್ರ ಎಲ್ಲಿಗೆ ಓಡುತ್ತಿದೆ ಎಂಬ ಹುಳ ತಲೆ ಹೊಕ್ಕಿತು. ಸಾಹೇಬರು ಊಟಕ್ಕೆ ಎದ್ದೊಡನೆ ವಾರ್ಡಿಗೆ ನಡೆದರು.

ಹಿರಿಯ ನರ್ಸ್ ಒಂದು ಗ್ಲೌಸಿನ ಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದರು.

"ಇದೇನ್ ಸಿಸ್ಟರ್, ಚಳೀನಾ?"

"ನೀವು ತರಿಸಿರೋ ಮಾಲು ಮೇಡಂ. ಒಂದು ಹರಿಯೋಕೆ, ಒಂದು ಕೆಲಸಕ್ಕೆ. ಒಂದೊಂದ್ಸಲ ಎರಡೂ ಹರಿಯುತ್ತೆ." ಅವರ ಹೆಬ್ಬೆರಳಿಗೆ ಪಟ್ಟಿ ಇತ್ತು. "ಮೊದಲೇ ಗಾಯ ಇತ್ತು, ಗ್ಲೌಸ್ ಹರಿದು ರೋಗಿ ರಕ್ತ ತಾಗ್ತು. ಪರೀಕ್ಷೆಗೆ ಕೊಟ್ಟಿದೀನಿ, ಬಿಡಿ."

"ನಂಗೊಂದು ಮಾತು ಹೇಳ್ಬಾರದಿತ್ತಾ?"

"ತಕರಾರು ಬಂದ್ರೆ ನಿಮ್ಮ ಮಾರ್ಕ್ಸ್ ಹೋಗುತ್ತಂತಲ್ಲ. ಪಾಪ, ಮಗಳ ಹತ್ರ ಹೋಗ್ಲಿ ಅಂತ ಎಲ್ಲರೂ ಬಾಯಿ ಮುಚ್ಕೊಂಡ್ವಿ."

ಮೇಡಂಗೆ ಬೈಯಲೂ ಆಗಲಿಲ್ಲ, ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಸಾಹೇಬರು ಕೈ ಒರೆಸಿಕೊಳ್ಳುತ್ತಾ ವಾಪಸಾದಾಗ ಮೇಡಂ ಸುತ್ತಿಬಳಸದೆ ಹೇಳಿದರು: "ಗ್ಲೌಸ್ ಎಲ್ಲ ವಾಪಸ್ ಕಳಿಸ್ತಿದೀನಿ ಸಾರ್."

"ಮರುಟೆಂಡರ್ ಆದ್ರೆ ಮೊದಲ ಸ್ಥಾನ ಕೈಬಿಟ್ಟ ಹಾಗೇ. ನಾಳೆ ಕಳಿಸಿ. ನಾಳೆ ನಾನಿರಲ್ಲ."

"ಇಟ್ಕೊಂಡ್ರೆ ಎಷ್ಟು ಅಂಕ ಹೋಗುತ್ತೆ?"

"ಏನೂ ಹೋಗಲ್ಲ. ಹರಿಯುತ್ತಾ ಅಂತ ಕೇಳೋ ಕಾಲಮ್ಮೇ ನಮ್ಮ ಫಾರಂನಲ್ಲಿಲ್ಲ," ಎಂದ ಸಾಹೇಬರು ತಾವೇ ನಾಚಿದರು.

"ರೋಗಿಗಳ ಗಾಯದ ಡ್ರೆಸ್ಸಿಂಗ್ ಇವತ್ತು ಮಧ್ಯಾಹ್ನವೇ ಇದೆ ಸಾರ್."

ಮಾಲು ವಾಪಸ್ಸಿಗೆ ಸಹಿ ಬಿತ್ತು. ಎದುರಿನ ಔಷಧಿ ಅಂಗಡಿಯಿಂದ ದುಬಾರಿ ದರಕ್ಕೆ ತುರ್ತು ಗ್ಲೌಸ್ ಬಂತು. ಅಂಕಗಳು ಅಂಕೆಯೇ ಇಲ್ಲದೆ ಇಳಿದವು.

ಸಂಜೆ ಗಂಡನ ಫೋನು. "ಫಸ್ಟ್ ಬಂದ್ಯೇನೇ?"

"ಕೊನೆಯಿಂದ ಎಣಿಸಿದ್ರೆ ಬೇಗ ಸಿಗ್ತೀನಿ."

ಗಂಡ ನಗಲಿಲ್ಲ. ಕಾರಣ ಕೇಳಿದರು. ಮೇಡಂ ಹೇಳಿದರು.

"ಸರಿಯಾಗೇ ಮಾಡಿದೀಯ. ಆದ್ರೆ ಮಗಳಿಗೆ ನಾನ್ ಹೇಳಲ್ಲಮ್ಮ, ನೀನೇ ಹೇಳು."

ಫೋನು ಕೈ ಬದಲಾಯಿಸಿತು.

"ಪುಟ್ಟಿ, ಶನಿವಾರ ಬರ್ತೀನಿ ಕಣೇ. ಆದ್ರೆ ಭಾನುವಾರ ವಾಪಸ್ ಹೊರಡ್ಬೇಕು."