ಕನಕಮ್ಮ ಕಿರುಚಲಿಲ್ಲ

ಏಷ್ಯಾದ ಐದು ದೇಶಗಳ ಐವರು ನಿರ್ದೇಶಕರು ಸೇರಿ ಒಂದು ದೆವ್ವದ ಸಿನಿಮಾ ಮಾಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಕತೆ. ಥಾಯ್ಲೆಂಡಿನ ಮಾಲೀ ಎಂಬಾಕೆ ತನ್ನ ಕತೆಗೆ ಹೊಸೂರು ಕಡೆಯ ಜವಳಗಿರಿಯ ಕಾಡಂಚಿನ ಹೆಂಚಿನ ಮನೆಯೊಂದನ್ನು ಆರಿಸಿಕೊಂಡಳು. ತಾಯಿಯ ಪಾತ್ರ ಮಾಡಬೇಕಿದ್ದ ನಟಿ ಮೊದಲ ದಿನವೇ ಕಾಲು ಉಳುಕಿಸಿಕೊಂಡಿದ್ದರಿಂದ ಮನೆಯೊಡತಿ ಕನಕಮ್ಮನನ್ನೇ ಕೇಳಿದರು. ಕನಕಮ್ಮನಿಗೆ ಐವತ್ತೆಂಟು ವರ್ಷ. ರಾಗಿ, ಅವರೆ ಬೆಳೆದುಕೊಂಡಿದ್ದವಳು.

"ಮಾತೇ ಇಲ್ವಂತೆ ಅತ್ತೆ, ಕಿರುಚೋದೊಂದೇ" ಎಂದ ಅವಳ ತಮ್ಮನ ಮಗ ಮುನೀಂದ್ರ. ಮೂಕಂಡಪಲ್ಲಿಯ ಕಾರ್ಖಾನೆಗೆ ರಜೆ ಹಾಕಿ ದುಭಾಷಿಯಾಗಿ ಬಂದಿದ್ದ. ಅವಳು ಒಪ್ಪಿದಳು.

ದೃಶ್ಯ ಇಷ್ಟೇ: ಮಟಮಟ ಮಧ್ಯಾಹ್ನ, ಸತ್ತ ಮಗಳು ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ತಾಯಿ ಚೀರಿ ಹಿತ್ತಿಲಿಗೆ ಓಡಬೇಕು. ಮುಖಕ್ಕೆ ಬಿಳಿ ಬಳಿದುಕೊಂಡ ಹುಡುಗಿ ಕೂದಲು ಬಿಚ್ಚಿ ನಿಂತಳು. ಮೂರು ಸಲವೂ ಕನಕಮ್ಮ ಸುಮ್ಮನೆ ನೋಡುತ್ತಾ ನಿಂತುಬಿಟ್ಟಳು.

"ಭಯ ಬೀಳ್ಬೇಕು ಅತ್ತೆ."

"ಯಾಕ್ಲಾ? ಮಗ್ಳು ಮನೇಗ್ ಬಂದ್ರೆ ಯಾರ್ಲಾ ಓಡೋಗ್ತಾರೆ?"

"ಅವ್ಳು ಸತ್ತೋಗವ್ಳೆ."

"ಸತ್ರೇನಾತು? ನನ್ ಮಗ್ಳು ರಮಾ ಹೋಗಿ ಒಂಬತ್ ವರ್ಸಾತು. ನಾಳೆ ಬಾಗ್ಲಾಗ್ ಬಂದ್ ನಿಂತ್ರೆ ಒಳಿಕ್ ಕರೀದೆ ಇರ್ತೀನಾ?"

ಮುನೀಂದ್ರ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಮಾಲೀ ಕನಕಮ್ಮನ ಹತ್ತಿರ ಬಂದು ನಿಂತಳು. ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಕಾಲಿಗ್ ನೀರ್ ಕೊಡ್ತೀನಿ. ಹಸ್ದಿರ್ತಾಳೆ."

ಕ್ಯಾಮೆರಾ ಮತ್ತೆ ಓಡಿತು. ಕನಕಮ್ಮ ಚೊಂಬಿನಲ್ಲಿ ನೀರು ಕೊಟ್ಟಳು. ಕೈಹಿಡಿದು ಒಳಗೆ ಕೂರಿಸಿ ಮುದ್ದೆ, ಅವರೆಕಾಳಿನ ಸಾರು ಇಕ್ಕಿದಳು. ಹುಡುಗಿ ಉಣ್ಣುತ್ತಿರುವಾಗ ಹಿಂದೆ ಕೂತು ಆ ಕೂದಲಿನ ಸಿಕ್ಕು ಬಿಡಿಸಿ ಜಡೆ ಹೆಣೆದಳು. ಹುಡುಗಿಯ ಕಣ್ಣೀರಿಗೆ ಮುಖದ ಬಿಳಿ ಬಣ್ಣ ಗೆರೆಗೆರೆಯಾಗಿ ಇಳಿಯಿತು. ಮಾಲೀ ಕ್ಯಾಮೆರಾ ನಿಲ್ಲಿಸಲಿಲ್ಲ.

ಭಯವಿಲ್ಲದ ದೆವ್ವದ ಕತೆಯನ್ನು ಯಾರು ನೋಡುತ್ತಾರೆ ಎಂದು ನಿರ್ಮಾಪಕ ಫೋನಿನಲ್ಲಿ ರೇಗಿದ. ಮಾಲೀ ಪಟ್ಟು ಬಿಡಲಿಲ್ಲ.

ಮರುವರ್ಷ ಆ ಸಿನಿಮಾ ಹೊಸೂರಿಗೆ ಬಂತು. ಕನಕಮ್ಮ ಗಂಡ ರಾಮಚಂದ್ರಪ್ಪನ ಜೊತೆ ಮ್ಯಾಟಿನಿಗೆ ಹೋದಳು. ಮೊದಲ ಎರಡು ಕತೆ ಮುಗಿಯುವವರೆಗೂ ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂತಿದ್ದಳು. ಮೂರನೆಯದು ಅವಳದು. ಅಲ್ಲಿಯವರೆಗೆ ಕೂಗಾಡುತ್ತಿದ್ದ ಕಾಲೇಜು ಹುಡುಗರು ತೆಪ್ಪಗಾದರು. ಜಡೆ ಹೆಣೆಯುವ ಹೊತ್ತಿಗೆ ರಾಮಚಂದ್ರಪ್ಪ ಎದ್ದು ಹೊರಟುಹೋದ.

ಅವಳು ಹಿಂದೆಯೇ ಬಂದಳು. ಅವನು ಟೀ ಅಂಗಡಿಯ ಮುಂದೆ ನಿಂತಿದ್ದ.

"ಯಾಕ್ ಎದ್ ಬಂದ್ಬುಟ್ರಿ?"

"ಅವತ್ತು ನನ್ನ ಕೆಲಮಂಗಲದ ಸಂತೆಗ್ ಕಳ್ಸ್ಬುಟ್ಟು ನೀನೊಬ್ಳೇ ಇದ್ನೆಲ್ಲ ಮಾಡಿದ್ಯಲ್ಲ. ನಾನೂ ಇದ್ದಿದ್ರೆ ಅವಳ ಎದ್ರಿಗ್ ಕೂತ್ಕಂತಿದ್ದೆ."

ಇಬ್ಬರೂ ಟೀ ಕುಡಿದರು. ಉಳಿದ ಎರಡು ಕತೆ ನೋಡುವ ಮನಸ್ಸಾಗದೆ ಊರಿನ ಕಡೆ ಹೋಗುವ ತಳಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ರಾಮಚಂದ್ರಪ್ಪ ರಮಾಳ ಮಾತೇ ಆಡಿದ. ಕನಕಮ್ಮ ಹೂಂಗುಟ್ಟುತ್ತಾ ಕೇಳಿದಳು.